ಹಾಲಿನ ಕವರಿನ ಬೆಂಕಿ

ನನ್ನ ಅಕ್ಕನನ್ನು ಹೊಗಳುವವರನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ಮೈ ಉರಿ. ಅವಳು ಮದುವೆಯಾಗಿ ಕಲ್ಯಾಣದುರ್ಗಕ್ಕೆ ಹೋದಳು, ನಾನು ಹಿಂದೂಪುರಕ್ಕೆ ಬಂದೆ. ಊರುಗಳು ದೂರವಾದರೂ ಉರಿ ಆರಲಿಲ್ಲ. ಎರಡು ಸಾವಿರದ ಐದೋ ಆರೋ ಇಸವಿ, ಆ ಬೇಸಿಗೆಯಲ್ಲಂತೂ ಹಿಂದೆಂದೂ ಇಲ್ಲದಷ್ಟು ಉರಿದೆ.

ಆಗ ನನ್ನ ಮಗಳಿಗೆ ಎಂಟು ವರ್ಷ. ವರ್ಷವಿಡೀ ಕೆಮ್ಮು, ಬೆಳಗಾದರೆ ಎದೆಯಲ್ಲಿ ಗೊರಗೊರ ಸದ್ದು. ಆರೋಗ್ಯದ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಿರಲಿಲ್ಲ. ಕಾಯಿಸಿ ಆರಿಸಿದ ನೀರು, ತುಳಸಿ ಕಷಾಯ. ಐಸ್ ಕ್ಯಾಂಡಿಯ ಕಡೆ ಅವಳು ತಿರುಗಿಯೂ ನೋಡುವಂತಿಲ್ಲ. ದಿನಾ ಬೆಳಿಗ್ಗೆ ಬಚ್ಚಲ ಒಲೆ ಹೊತ್ತಿಸಿ, ಹಂಡೆ ನೀರು ಸುಡುಸುಡು ಕಾಯಿಸಿ ಸ್ನಾನ. ಬೆಚ್ಚಗಿರಲಿ ಎಂದು ಒಲೆಯ ಮುಂದೆಯೇ ಕೂರಿಸುತ್ತಿದ್ದೆ. ಕೆಮ್ಮು ಹೆಚ್ಚಾದರೆ ಸಂಜೆಗೂ ಒಲೆ. ಜಾಲಿ ಸೌದೆ ಬೇಗ ಹತ್ತುತ್ತಿರಲಿಲ್ಲ. ನಮ್ಮ ಬೀದಿಯವರೆಲ್ಲ ಮಾಡುವಂತೆ ನಾನೂ ಹಾಲಿನ ಕವರು ಸೇರಿಸಿಟ್ಟುಕೊಂಡು, ಎರಡು ಮೂರು ತುರುಕಿ ಕಡ್ಡಿ ಗೀರುತ್ತಿದ್ದೆ.

ಡಾಕ್ಟರು ಒಮ್ಮೆ ತೆಲುಗಿನಲ್ಲಿ ಕೇಳಿದ್ದರು, “ಇಂಟ್ಲೋ ಎವರೈನಾ ಬೀಡಿ ತಾಗುತಾರಾ?” ನಮ್ಮ ಮನೆಯಲ್ಲಿ ಬೀಡಿ ಸೇದುವವರೇ ಇಲ್ಲ ಎಂದು ನಾನು ತಲೆಯೆತ್ತಿಕೊಂಡೇ ಹೇಳಿದ್ದೆ.

ಆ ರಜೆಗೆ ಮಗಳು ಅಕ್ಕನ ಮನೆಗೆ ಹೋದಳು. ಹದಿನೈದು ದಿನಕ್ಕೆ ಅಕ್ಕನ ಫೋನು. “ಕೆಮ್ಮು ನಿಂತೋಯ್ತು ಕಣೆ, ಚೆನ್ನಾಗಿ ನಿದ್ದೆ ಮಾಡ್ತಾಳೆ.” ಸಂತೋಷಪಡಬೇಕಿತ್ತು, ಪಡಲಿಲ್ಲ. ನನ್ನ ಕೈಯಲ್ಲಿ ಆಗದ್ದು ಅವಳ ಕೈಯಲ್ಲಿ ಆಯಿತಲ್ಲ ಎಂದು ಹೊಟ್ಟೆಗೆ ಕಿಚ್ಚು ಬಿತ್ತು. ಗಂಡ ಅದಕ್ಕೆ ತುಪ್ಪ ಸುರಿದರು. “ಆ ಊರ ಗಾಳಿ ಒಗ್ಗೈತೆ. ಅಲ್ಲೇ ಸ್ಕೂಲಿಗೆ ಹಾಕ್ಬುಡಾನ. ನಿಮ್ಮಕ್ಕ ನೋಡ್ಕೊಂತಾರೆ.”

ನನ್ನ ಮಗಳನ್ನು ನೋಡಿಕೊಳ್ಳಲು ನನ್ನ ಅಕ್ಕ ಬೇಕೇ? ಮಾರನೆಯ ದಿನವೇ ಬಸ್ಸು ಹತ್ತಿದೆ.

ಮಗಳು ಕೆನ್ನೆ ತುಂಬಿಕೊಂಡಿದ್ದಳು. “ನಾನ್ ಬರಾಕಿಲ್ಲ ಕಣಮ್ಮ. ದೊಡ್ಡಮ್ಮನ ತಾವೇ ಇರ್ತೀನಿ” ಎಂದಳು. ಆ ಮಾತು ಈಗಲೂ ಚುಚ್ಚುತ್ತದೆ.

ಅಕ್ಕ ಇಲ್ಲದ ಹೊತ್ತಿನಲ್ಲಿ ಅವಳ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕಳ್ಳಿಯಂತೆ ತೆಗೆದು ನೋಡಿದೆ. ಅದೇ ರಾಗಿ, ಅದೇ ಬೇಳೆ. ಕಷಾಯದ ಸುಳಿವೇ ಇಲ್ಲ. ಮರುದಿನ ಬೆಳಿಗ್ಗೆ ನನ್ನ ಮಗಳಿಗೆ ನಾನೇ ನೀರು ಕಾಯಿಸುತ್ತೇನೆ ಎಂದು ಬಚ್ಚಲಿಗೆ ಹೋದೆ. ಮೊಳೆಗೆ ನೇತುಹಾಕಿದ ಚೀಲದಲ್ಲಿ ಹಾಲಿನ ಕವರುಗಳಿದ್ದವು. ಮೂರು ಎಳೆದು ಒಲೆಗೆ ತುರುಕಿದೆ. ಮಗಳು ಅಭ್ಯಾಸಬಲದಿಂದ ಒಲೆಯ ಮುಂದೆ ಬಂದು ಕುಳಿತಳು. ಕರಿಹೊಗೆ ಎದ್ದು ಎರಡು ನಿಮಿಷವಾಗಿರಲಿಲ್ಲ, ನಿಂತಿದ್ದ ಕೆಮ್ಮು ಮತ್ತೆ ಶುರುವಾಯಿತು.

ಅಕ್ಕ ಓಡಿಬಂದು ಮಗುವನ್ನು ಅಂಗಳಕ್ಕೆ ಎತ್ತಿಕೊಂಡು ಹೋದಳು. ಆಮೇಲೆ ಒಬ್ಬಳೇ ಬಂದು ಒಲೆಯಿಂದ ಕವರನ್ನು ಕೋಲಿನಲ್ಲಿ ಈಚೆಗೆಳೆದಳು. “ಇದನ್ನ ಸುಡಬ್ಯಾಡ ಕಣೆ. ನಂಗೇ ಉಸಿರು ಕಟ್ತಿತ್ತು, ಅದಕ್ಕೇ ಬಿಟ್ಬುಟ್ಟೆ. ಅವು ಗುಜರಿಯವನಿಗೆ ಎತ್ತಿಟ್ಟಿರಾವು. ಬೆಂಕಿಗೆ ಕಡ್ಲೆಕಾಯಿ ಸಿಪ್ಪೆ ಐತಲ್ಲ.”

ಪರಿಸರ ಎಂಬ ಪದ ಅವಳ ಬಾಯಲ್ಲಿ ಬರಲಿಲ್ಲ. ತನ್ನ ಎದೆಯ ಮಾತನ್ನು ಕೇಳಿದ್ದಳು, ಅಷ್ಟೇ. ಅದರಿಂದ ಅವಳ ಮನೆಯ ಗಾಳಿ ಚೆನ್ನಾಗಿತ್ತು, ಪಕ್ಕದ ಮನೆಯದೂ. ನಾನು ಮಗಳ ಎದೆಗೆ ದಿನಾ ಕಿವಿಯಿಟ್ಟೂ ಕೇಳಿಸಿಕೊಂಡಿರಲಿಲ್ಲ. ಡಾಕ್ಟರ ಪ್ರಶ್ನೆ ನೆನಪಾಯಿತು. ನಮ್ಮ ಮನೆಯಲ್ಲಿ ಹೊಗೆ ಕುಡಿಸುತ್ತಿದ್ದವಳು ನಾನೇ, ಅದೂ ಕೆಮ್ಮು ಹೋಗಲಿ ಎಂದು.

ಅಕ್ಕ ಬೈದಿದ್ದರೆ ಜಗಳವಾಡಬಹುದಿತ್ತು. ಅವಳು ಬೈಯಲಿಲ್ಲ. ಒಂದು ಮೂಟೆ ಸಿಪ್ಪೆ ಕಟ್ಟಿಕೊಟ್ಟಳು.

ಅಳುತ್ತಿದ್ದ ಮಗಳನ್ನು ಕರೆದುಕೊಂಡು ಬಂದೆ. ಅಂದಿನಿಂದ ಒಲೆಗೆ ಸಿಪ್ಪೆಯನ್ನೇ ಹಾಕಿದೆ, ಹಾಲಿನ ಕವರು ಮುಟ್ಟಲಿಲ್ಲ. ಚಳಿಗಾಲ ಬಂದು ಹೋದರೂ ಕೆಮ್ಮು ಮರಳಲಿಲ್ಲ. ಎಲ್ಲ ದೊಡ್ಡಮ್ಮನ ಕೈಗುಣ ಎಂದು ಗಂಡ ಬೀದಿಗೆಲ್ಲ ಹೇಳಿದರು, ಮಗಳೂ ಹೇಳಿದಳು. ಪ್ರತಿ ಸಲವೂ ನನಗೆ ಉರಿಯಿತು. ಆ ಹೊಗಳಿಕೆಯಲ್ಲಿ ಪಾಲು ಕೇಳಬೇಕಾದರೆ ಒಲೆಯ ವಿಷಯ ಬಾಯಿಬಿಡಬೇಕಿತ್ತು. ನಾನು ಬಿಡಲಿಲ್ಲ. ಅಕ್ಕನೂ ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಅವಳ ಆ ಗುಣಕ್ಕೂ ನನಗೆ ಹೊಟ್ಟೆಕಿಚ್ಚು.