ಸಮುದ್ರದ ಸರದಿ

ನಮ್ಮೂರ ನೀರುಗಂಟಿ ಮದ್ದೂರು ಕಡೆಯ ನಾಲೆಯ ತೂಬಿಗೆ ಒಡೆಯ; ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು ಅವನೇ. ನಾಲೆಯ ತುದಿಯ ಮಳವಳ್ಳಿಯವರು ಗದ್ದೆ ಒಣಗಿತೆಂದು ಜಗಳಕ್ಕೆ ಬಂದರೆ ಅವನದು ಒಂದೇ ಮಾತು: “ಸರದಿ ಬರ್ಲಿ, ಬುಡ್ತೀನಿ.” ಮದುವೆ ಊಟದಲ್ಲಿ ಸಾರು ಬಡಿಸುವಾಗಲೂ ಅದೇ ಮಾತು.

ಒಮ್ಮೆ ಅವನನ್ನು ಮಂಗಳೂರಿಗೆ ಕರೆದೊಯ್ದು ಕಡಲಂಚಿನ ಬಾರ್ ಅಂಡ್ ಗ್ರಿಲ್‌ನಲ್ಲಿ ಕೂರಿಸಿದೆವು. ಸುಟ್ಟ ಮೀನು ಬರುವ ಹೊತ್ತಿಗೆ ಅಲೆಯೊಂದು ಮೇಜಿನ ಕೆಳಗೆ ನುಗ್ಗಿತು. ನಾವು ಕಾಲೆತ್ತಿಕೊಂಡೆವು. ಅವನು ಪಂಚೆ ಎತ್ತಿ ಕಟ್ಟಿ, “ಯಾವನ್ಲಾ ಏಳ್ದೆ ಕೇಳ್ದೆ ತೂಬು ಎತ್ತಿದ್ದು?” ಎಂದು ರೇಗಿ, ಮೀನಿನ ತಟ್ಟೆಯಿಂದಲೇ ಮರಳು ಬಾಚಿ ಬದು ಹಾಕತೊಡಗಿದ. ಮ್ಯಾನೇಜರ್ ಓಡಿಬಂದು, ನಿಲ್ಲಿಸಿ ಎಂದು ಕೈಮುಗಿದು ಬೇಡಿಕೊಂಡ. ಅಷ್ಟರಲ್ಲಿ ಇಳಿತ ಶುರುವಾಗಿ ನೀರು ತಾನಾಗಿ ಹಿಂದೆ ಸರಿಯಿತು.

ನೀರುಗಂಟಿ ಮ್ಯಾನೇಜರ್‌ನ ಬೆನ್ನು ತಟ್ಟಿದ: “ಎದ್ರುಕಬ್ಯಾಡಿ ಸಾಮಿ, ಇನ್ನು ಬರಾಕಿಲ್ಲ. ಮಳವಳ್ಳಿ ಸರದಿ ಬಂತು, ಅತ್ಲಾಗೆ ಬುಟ್ಟಿವ್ನಿ.”