ಪಾಕೀಟಿನ ಮೇಲಿನ ಅವ್ವ

ಅವ್ವನ ಖಡಕ್ ರೊಟ್ಟಿಯ ಪಾಕೀಟಿನ ಮೇಲೆ ಅವಳದೇ ಚಿತ್ರವಿತ್ತು. ತಲೆ ತುಂಬ ಸೆರಗು, ಅಪ್ಪ ಹೋದ ಮೇಲೂ ಅವಳು ಬಿಡದ ಅಗಲ ಕುಂಕುಮ, ಎರಡೂ ಕೈ ರೊಟ್ಟಿಯ ಮೇಲೆ. ಧಾರವಾಡದಲ್ಲಿ ಅಂಗಡಿಗಳ ಬೋರ್ಡು ಬರೆಯುವವನೊಬ್ಬನನ್ನು ಮನೆಗೆ ಕರೆಸಿ, ಅವಳನ್ನು ಒಲೆಯ ಮುಂದೆ ಕೂರಿಸಿ ಬರೆಸಿದ್ದು ನಾನೇ. ಪುಣ್ಯಾತ್ಮ ಮೂಗನ್ನು ತುಸು ಉದ್ದ ಮಾಡಿದ್ದ. "ಇದೇನ ನನ್ನ ಮೂಗೋ, ಮೆಣಸಿನಕಾಯೋ?" ಎಂದು ಅವ್ವ ನಕ್ಕಿದ್ದಳು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆ ನಡೆದದ್ದು ಆ ರೊಟ್ಟಿಯಿಂದಲೇ. ಹುಬ್ಬಳ್ಳಿಯ ಅಂಗಡಿಗಳಲ್ಲಿ ಜನ "ಅವ್ವನ ಚಿತ್ರದ್ದು ಕೊಡ್ರಿ" ಎಂದು ಕೇಳಿ ಒಯ್ಯುತ್ತಿದ್ದರು.

ಆ ವರ್ಷ ಪಂಚಮಿಗೆ ಸೋದರತ್ತೆ, ಅಂದರೆ ಅಪ್ಪನ ತಂಗಿ, ತವರಿಗೆಂದು ನಮ್ಮ ಮನೆಗೆ ಬಂದಳು. ಹೊರಡುವ ದಿನ ಅವ್ವ ಅವಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಎಲ್ಲ ಬಿದ್ದರೂ ಅತ್ತೆ ಏಳಲಿಲ್ಲ. ಸೆರಗೊಡ್ಡಿಕೊಂಡೇ ಅಂದಳು: "ವೈನಿ, ನಾನೂ ರೊಟ್ಟಿ ಮಾಡಿ ಮಾರಬೇಕಂತ ಮಾಡೇನ್ರಿ. ನಿಮ್ಮ ಚಿತ್ರ ನನ್ನ ಪಾಕೀಟಿನ ಮ್ಯಾಲೂ ಹಾಕ್ಕೋತೇನಿ. ಇಷ್ಟು ಕೊಡ್ರಿ, ಇನ್ನೇನೂ ಕೇಳಂಗಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೂಂ ಅಂದುಬಿಟ್ಟಳು. ಮನೆಯ ಹೆಣ್ಣುಮಗಳು ಉಡಿಯೊಡ್ಡಿ ಕೇಳಿದಾಗ ಇಲ್ಲವೆನ್ನುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಅತ್ತೆಗೆ ಅದು ಚೆನ್ನಾಗಿ ಗೊತ್ತಿತ್ತು. ಮುಂಜಾನೆ ಚಹಾ ಕುಡಿಯುವಾಗ ಕೇಳಬಹುದಿತ್ತಲ್ಲ? ಕೇಳಲಿಲ್ಲ. ಉಡಿ ತುಂಬುವವರೆಗೆ ಕಾದಳು, ಮಹಾತಾಯಿ!

ಮುಂದೆ ವ್ಯಾಪಾರ ಬೆಳೆಯಿತು. ಚಿತ್ರವನ್ನು ಟ್ರೇಡ್‌ಮಾರ್ಕ್ ಮಾಡಿಸಿಬಿಡೋಣ ಎಂದು ನಾನು ಒಬ್ಬ ವಕೀಲರ ಬಳಿ ಹೋದೆ. ಅವರು ಕಂಪ್ಯೂಟರಿನಲ್ಲಿ ಹುಡುಕಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. "ನೋಡ್ರಿ ಬಾಯಾರ, ಈ ಚಿತ್ರಕ್ಕ ಆಗಲೇ ಯಾರೋ ಅರ್ಜಿ ಹಾಕ್ಯಾರ."

ಯಾರೋ ಅಲ್ಲ, ಅತ್ತೆಯ ಗಂಡ. ಅದೇ ಸೆರಗು, ಅದೇ ಉದ್ದ ಮೂಗು, ಕೆಳಗೆ ಅವನ ಹೆಸರು. ನನಗೆ ಮೈಯೆಲ್ಲ ಉರಿದುಹೋಯಿತು.

"ಇನ್ನೂ ಏನೂ ಕೆಟ್ಟಿಲ್ರಿ," ವಕೀಲರು ಸಮಾಧಾನ ಮಾಡಿದರು. "ಆಕ್ಷೇಪ ಹಾಕೂ ಗಡುವು ಮುಗಿದಿಲ್ಲ. ಮೊದಲ ಬಳಸಿದವ್ರು ನೀವು. ನಿಮ್ಮ ತಾಯಿಯವ್ರು ಸಹಿ ಹಾಕಲಿ, ಮುಂದಿಂದು ನಾ ನೋಡ್ಕೋತೇನಿ."

ಅವ್ವ ಸಹಿ ಹಾಕಲಿಲ್ಲ.

"ಉಡಿಯಾಗ ಹಾಕಿದ್ದನ್ನ ಹೊಳ್ಳಿ ಕೇಳಂತೀಯೇನ?"

"ಅವ್ವಾ, ಹಾಕ್ಕೋ ಅಂದೀ. ಸ್ವಂತ ಮಾಡ್ಕೋ ಅಂದಿದ್ದೇನ?"

"ಅವರ ಹೆಸರಿಗಿದ್ರ ಏನಾತು? ನನಗ ಬ್ಯಾಡ ಅಂತಾರೇನ ಅವರು? ಸುಮ್ನ ಕುಂದ್ರ."

ನಾನು ಕಣ್ಣೀರು ಹಾಕಿದೆ, ಬೇಡಿಕೊಂಡೆ, ಜಗಳವಾಡಿದೆ, ಊಟ ಬಿಟ್ಟೆ. ಅವ್ವ ಜಪ್ಪಯ್ಯ ಅನ್ನಲಿಲ್ಲ. ಗಡುವು ಮುಗಿಯಿತು. ಅಷ್ಟರೊಳಗೆ ಅತ್ತೆ ಒಮ್ಮೆ ಬಂದು ಹೋಳಿಗೆ ಉಂಡು ಹೋದಳು, ಅರ್ಜಿಯ ಬಗ್ಗೆ ತುಟಿ ಎರಡು ಮಾಡಲಿಲ್ಲ.

ನೋಂದಣಿಯಾದ ಮೇಲೆ ನಮಗೆ ನೋಟಿಸು ಬಂತು. ಆ ಚಿತ್ರ ಅವರ ಸ್ವತ್ತು, ನಾವು ಅದನ್ನು ಬಳಸುವುದನ್ನು ಕೂಡಲೇ ನಿಲ್ಲಿಸಬೇಕು ಎಂದು. ನಾನು ಅದನ್ನು ಹಿಡಿದುಕೊಂಡು ನೇರ ಅತ್ತೆಯ ಮನೆಗೆ ಹೋದೆ. ಅವಳು ಓದಲೂ ಇಲ್ಲ. "ನನಗೇನ ತಿಳೀತೈತವಾ, ಅದೆಲ್ಲಾ ನಿಮ್ಮ ಮಾಮಾರ ವ್ಯವಹಾರ. ಚಹಾ ಕುಡೀತೀಯೇನ?" ಎಂದಳು. ನಾನು ಹೊಸ್ತಿಲಲ್ಲೇ ತಿರುಗಿ ಬಂದೆ. ಕೋರ್ಟಿಗೆ ಹೋಗಲು ಈಗಲೂ ದಾರಿಯಿದೆ ಎಂದು ವಕೀಲರು ಹೇಳಿದರು. ನಾದಿನಿಯನ್ನು ಕೋರ್ಟಿನ ಕಟ್ಟೆ ಹತ್ತಿಸುವವಳು ತಾನಲ್ಲ ಎಂದು ಅವ್ವ ಅದನ್ನೂ ಮುಗಿಸಿದಳು. ಅಂದಿನಿಂದ ನಮ್ಮದು ಬರಿ ಪ್ಲಾಸ್ಟಿಕ್ ಪಾಕೀಟು. ಅಂಗಡಿಯವರು ಒಬ್ಬೊಬ್ಬರಾಗಿ ನಮ್ಮ ರೊಟ್ಟಿ ತರಿಸುವುದನ್ನು ಬಿಟ್ಟರು.

ಈ ಸಲ ಧಾರವಾಡದ ಒಂದು ಮೇಳದಲ್ಲಿ ಮಳಿಗೆ ಹಿಡಿದಿದ್ದೆವು. ಸಾಲಿನ ಆ ತುದಿಯಲ್ಲಿ ಅತ್ತೆಯ ಮಳಿಗೆ, ಅದರ ನೆತ್ತಿಯ ಬೋರ್ಡಿನ ಮೇಲೆ ಆಳೆತ್ತರದ ಅವ್ವ. ನಮ್ಮಲ್ಲಿಗೆ ಬಂದ ಹೆಣ್ಣುಮಗಳೊಬ್ಬಳು ಪಾಕೀಟನ್ನು ಹಿಂದೆ ಮುಂದೆ ತಿರುವಿ ನೋಡಿ ಕೆಳಗಿಟ್ಟಳು.

"ಇದು ಡುಪ್ಲಿಕೇಟ್ ಇದ್ದಂಗೈತ್ರಿ. ಅವ್ವನ ಚಿತ್ರ ಇರತೈತಲ್ರಿ, ಅದು ಇಲ್ಲೇನ್ರಿ?"

"ಇಲ್ರೆವಾ," ಅವ್ವ ಅಂದಳು. "ಅದು ಆ ಕಡೆ ಸಿಗತೈತಿ ನೋಡ್ರಿ."

ನನಗೆ ತಡೆಯಲಾಗಲಿಲ್ಲ. "ಅಕ್ಕಾರ, ಆ ಚಿತ್ರ ಇವರದ್ದ ಐತ್ರಿ! ಬೇಕಾದ್ರ ಮುಖ ನೋಡ್ರಿ."

ಆಕೆ ಅವ್ವನ ಮುಖ ನೋಡಿದಳು, ಅತ್ತೆಯ ಮಳಿಗೆಯ ಬೋರ್ಡು ನೋಡಿದಳು. ಆಮೇಲೆ ನನ್ನತ್ತ ತಿರುಗಿ, "ಮಾರೂ ಸಲುವಾಗಿ ಎಲ್ಲಾರೂ ಹಂಗ ಹೇಳತಾರ ಬಿಡ್ರಿ," ಎಂದು ನಕ್ಕು ಆ ಕಡೆ ನಡೆದಳು.