ರಕ್ತದ ಕಲೆ ತೆಗೆಯುವ ಬಾಟಲಿ

ಅಂಬ್ರೀನಳ ಸಿಟ್ಟು ಹೊಳಲ್ಕೆರೆಯ ಅವರ ಬೀದಿಗೆಲ್ಲ ಗೊತ್ತು. ಪಾಪ, ಸಿಟ್ಟು ಬಾರದೆ ಇನ್ನೇನು? ದುರ್ಗದ ಈ ಬಿಸಿಲಲ್ಲಿ ಚಳಿಯಲ್ಲೇ ಬೆಳೆಯುವ ಬ್ಯಾಕ್ಟೀರಿಯಾ ಹುಡುಕುತ್ತೇನೆಂದು ಹೊರಟವಳನ್ನು ನೋಡಿ ನಗದವರೇ ಇರಲಿಲ್ಲ. ಕೊನೆಗೆ ಐಸ್ ಫ್ಯಾಕ್ಟರಿಯ ಹಿಂದೆ, ತಣ್ಣೀರು ಸೋರಿ ಸೋರಿ ಸದಾ ತಂಪಾಗಿರುವ ಮಣ್ಣಿನಲ್ಲಿ ಅವು ಸಿಕ್ಕವು. ಅವು ಬಿಡುವ ಕಿಣ್ವ ಪ್ರೋಟೀನನ್ನು ತಣ್ಣೀರಿನಲ್ಲೇ ಕರಗಿಸುತ್ತದೆ. ಇಷ್ಟನ್ನು ಚಿತ್ರದುರ್ಗದ ಕಾಲೇಜಿನಲ್ಲಿ ತನ್ನ ಗೈಡ್ ಅನುಪಮಾ ಮೇಡಂ ಕಣ್ಣೆದುರು ತೋರಿಸಿಬಿಟ್ಟರೆ ಅವಳ ಸಂಶೋಧನೆ ದಡ ಸೇರಿದಂತೆ.

ಆದರೆ ಕಾಲೇಜಿನ ಫ್ರಿಜ್ ಕೆಟ್ಟು ಕೂತಿತ್ತು. ರಿಪೇರಿಯವನು ಇವತ್ತು, ನಾಳೆ ಎನ್ನುತ್ತಲೇ ಇದ್ದ. ಗಾಜಿನ ತಟ್ಟೆಗಳಲ್ಲಿ ಬೆಳೆಸಿದ್ದೆಲ್ಲ ಸೆಕೆಗೆ ಹಾಳಾಗಿ, ಉಳಿದದ್ದು ಬ್ಯಾಕ್ಟೀರಿಯಾ ಬೆಳೆಸಿದ ನೀರಿನ ಒಂದೇ ಬಾಟಲಿ. ಅದನ್ನು ಐಸಿನಲ್ಲಿಟ್ಟು, ಬಸ್ಸಿನಲ್ಲಿ ಹಸುಗೂಸಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ತಂದು, ಮನೆಯ ಫ್ರಿಜ್ಜಿನಲ್ಲಿಟ್ಟಳು.

"ಇದೇನೇ?" ಎಂದಳು ಅಜ್ಜಿ ಹುಸೇನ್ ಬೀ.

"ರಕ್ತದ ಕಲೆನೂ ತಣ್ಣೀರಲ್ಲೇ ಹೋಗ್ತೈತೆ ದಾದಿ, ಅಂಥದ್ದು!" ಎಂದು ಅಂಬ್ರೀನ್ ಬೀಗಿದಳು. ಮುಟ್ಟಬೇಡಿ ಎನ್ನುವುದನ್ನು ಮಾತ್ರ ಮರೆತಳು.

ಬಕ್ರೀದ್ ಬಂತು. ಹಬ್ಬದ ದಿನ ಆ ಫ್ರಿಜ್ಜು ಇಡೀ ಬೀದಿಯದು. ಫ್ರಿಜ್ ಇಲ್ಲದವರ ಪಾಲಿನ ಮಾಂಸವೂ ಅಲ್ಲೇ. ಅಂಬ್ರೀನ್ ನೆಂಟರ ಮನೆಗಳಿಗೆ ಪಾಲು ಹಂಚಿ ಬಂದು ಫ್ರಿಜ್ಜಿನ ಬಾಗಿಲು ತೆರೆದರೆ ಬರೀ ಮಾಂಸದ ಪೊಟ್ಟಣಗಳು.

"ದಾದಿ, ನನ್ನ ಬಾಟ್ಲಿ?"

"ಕುದಿಯೋ ನೀರಲ್ಲಿ ತೊಳೆದಿಟ್ಟೀನಿ. ನಿಮ್ಮಪ್ಪನ ಬಿಳಿ ಕುರ್ತಾಗೆ ಕುರ್ಬಾನಿ ರಕ್ತ ಸಿಡಿದಿತ್ತು. ನಿನ್ನ ನೀರಲ್ಲಿ ನೆನೆಸ್ದೆ. ಏನ್ ಹೋಯ್ತು ಅಂತೀಯ ಕಲೆ! ಬಾ, ನೋಡು."

ಹಗ್ಗದ ಮೇಲೆ ಕುರ್ತಾ ಬೆಳ್ಳಗೆ ನೇತಾಡುತ್ತಿತ್ತು. ಕಿಣ್ವ ತನ್ನ ಕೆಲಸ ಮಾಡಿತ್ತು. ನೋಡಲು ಮೇಡಂ ಇರಲಿಲ್ಲ, ತೋರಿಸಲು ಒಂದು ಹನಿಯೂ ಉಳಿದಿರಲಿಲ್ಲ. ಅಜ್ಜಿಯ ಮೇಲೆ, ರಿಪೇರಿಯವನ ಮೇಲೆ, ತನ್ನದೇ ಬಾಯಿಬಡುಕತನದ ಮೇಲೆ ಒಟ್ಟಿಗೇ ಸಿಟ್ಟು ಉಕ್ಕಿ ಅವಳಿಗೆ ಅಳುವೇ ಬಂತು.

"ನೆನೆಸಿದ ನೀರು ಎಲ್ಲಿ ಚೆಲ್ಲಿದ್ರಿ?"

"ಚೆಲ್ಲೋದ್ಯಾಕೆ? ಮಲ್ಲಿಗೆ ಬುಡಕ್ಕೆ ಹುಯ್ದೆ."

ಅಂಬ್ರೀನ್ ಚಮಚ ಹಿಡಿದು ಹಿತ್ತಲಿಗೆ ಓಡಿದಳು. ಮಣ್ಣಿನಿಂದ ಅಷ್ಟು ಕಷ್ಟಪಟ್ಟು ತೆಗೆದದ್ದನ್ನು ಮತ್ತೆ ಮಣ್ಣಿನಲ್ಲೇ ಹುಡುಕಬೇಕು, ಬಿಸಿಲಿಗೆ ಮಣ್ಣು ಕಾಯುವ ಮೊದಲೇ. ಹಬ್ಬದ ಬಟ್ಟೆಯಲ್ಲೇ ಕುಕ್ಕರಗಾಲಲ್ಲಿ ಕೂತು, ಗೊಣಗುತ್ತ ಒದ್ದೆ ಮಣ್ಣು ಕೆದಕಿದಳು.

"ಲೇ, ಬೇರು ಕೀಳ್ಬ್ಯಾಡ್ವೇ!" ಬಾಗಿಲಿನಿಂದ ಅಜ್ಜಿ ಕೂಗಿದಳು. "ಹಂಗೇ ಇನ್ನೊಂದು ಬಾಟ್ಲಿ ಮಾಡು. ಪಕ್ಕದ ಮನೇರೂ ಕೇಳ್ತಾವ್ರೆ."